ಜಾವಾ ಗಾಡಿಯ ಕಿಕ್ಕರ್

ಜುಲೈ 9, 2006, ಭಾನುವಾರ

ಮೋಸ ಹೋದೆನೋ ಇಲ್ಲವೋ ಇನ್ನೂ ಗೊತ್ತಾಗಿಲ್ಲ. ಗೊತ್ತಾಗುವವರೆಗೆ ಎಲ್ಲವನ್ನೂ ಬರೆದಿಡೋಣ ಅಂತ ಇವತ್ತು ಡೈರಿ ತೆರೆದು ಕೂತಿದ್ದೇನೆ.

ಕರುಮತ್ತಂಪಟ್ಟಿಯ ಸುಬ್ಬಾತಾಳ್ ಅನ್ನುವ ಮುದುಕಿಯಿಂದ ಹಳೇ ಜಾವಾ ಬೈಕು ಕೊಂಡೆ. ಅರವತ್ತರ ದಶಕದ್ದು, ನಮ್ಮ ಮೈಸೂರಿನಲ್ಲೇ ಹುಟ್ಟಿದ್ದು. ಯಾದವಗಿರಿಯಲ್ಲಿ ಸ್ಕೂಲಿಗೆ ಹೋಗುವಾಗ ಫ್ಯಾಕ್ಟರಿಯಿಂದ ಹೊಸ ಗಾಡಿಗಳು ಹೊಗೆ ಬಿಡುತ್ತ ಹೊರಬರುವುದನ್ನು ಬಾಯಿ ಬಿಟ್ಟುಕೊಂಡು ನೋಡಿದವನು ನಾನು. ಅವತ್ತಿನ ಆಸೆ ಇದು.

ಮುದುಕಿಯ ಮನೆಮಾತು ಕನ್ನಡ. ಎಷ್ಟೋ ತಲೆಮಾರಿನ ಹಿಂದೆ ತಮಿಳುನಾಡಿನ ಈ ಕಡೆ ಬಂದ ಬೇಸಾಯದ ಜನ, ಈಗ ಪವರ್‌ಲೂಮ್ ಇಟ್ಟಿದ್ದಾರೆ. "ನಮ್ಮ ಯಜಮಾನ್ರ ವಂಡಿ ಸ್ವಾಮಿ. ಅವ್ರು ಹೋದಾಗ್ಲಿಂದ ಮಗ್ಗದ ಶೆಡ್ನಾಗೇ ನಿಂತೈತೆ. ನೀವು ನಮ್ಮ ಪೇಚ್ಚು ಪೇಸೋರು, ಕನ್ನಡದೋರು ಅಂತ ಕೊಡ್ತಾ ಇವ್ನಿ" ಅಂದಳು. ನಾನು ಹೇಳಿದ ಬೆಲೆಗೆ ಚೌಕಾಸಿ ಮಾಡದೆ ಹೂಂ ಅಂದಳು. ಮೇಲೆ ಕಾಫಿ ಬೇರೆ ಕೊಟ್ಟಳು. ಯಾಕೆ? ಬೆಳ್ಳಗಿರೋದೆಲ್ಲ ಹಾಲಲ್ಲ.

ಟೆಂಪೋದಿಂದ ಇಳಿಸುವಾಗ ಹೆಂಡತಿ ಧನಶ್ರೀ ಬಾಗಿಲಲ್ಲಿ ನಿಂತು ನೋಡಿದಳು. ಮಡ್‌ಗಾರ್ಡಿನಲ್ಲಿ ತೂತು, ಸೀಟಿನೊಳಗೆ ಇಲಿಗೂಡು. ಇಂಜಿನ್ ಒಳಗೆ ಬೇರೆ ಗಾಡಿಯ ಸಾಮಾನು ತುಂಬಿರಬಹುದು ಅಂದೆ. "ಬನಿಯನ್ ಕಂಪನೀಲಿ ಮೊಸರಲ್ಲಿ ಕಲ್ಲು ಹುಡುಕೋಕೆ ನಿಮಗೆ ಸಂಬಳ ಕೊಡ್ತಾರೆ. ಮನೇಲಿ ಬಿಟ್ಟಿ ಹುಡುಕ್ತೀರ" ಅಂತ ಒಳಗೆ ಹೋದಳು.

ಹೌದು, ತಿರುಪ್ಪೂರಿನಲ್ಲಿ ನನ್ನ ಕೆಲಸವೇ ಅದು. ಟ್ಯೂಬ್‌ಲೈಟ್ ಕೆಳಗೆ ಬಟ್ಟೆ ಹಿಡಿದು ತೂತು ಹುಡುಕುವುದು. ಹುಡುಕಿದರೆ ಸಿಕ್ಕೇ ಸಿಗುತ್ತದೆ.

ಜುಲೈ 16, ಭಾನುವಾರ

ಮೆಕ್ಯಾನಿಕ್ ಸಿಕ್ಕ. ಹೆಸರು ಮಯಿಲ್‌ಸಾಮಿ. ಇಲ್ಲೇ ಅವಿನಾಶಿಯಲ್ಲಿ, ಹಳೇ ಬಸ್‌ಸ್ಟ್ಯಾಂಡ್ ಹತ್ತಿರ ಟೀ ಅಂಗಡಿ ಪಕ್ಕ ಅವನ ಅಂಗಡಿ. ವಯಸ್ಸು ಐವತ್ತರ ಮೇಲಿರಬೇಕು. ಭಾನುವಾರ ಬಿಡುವಿದ್ದಾಗ ಮನೆಗೇ ಬಂದು ಕೆಲಸ ಮಾಡುತ್ತಾನಂತೆ.

ನನ್ನ ತಮಿಳು ಅಷ್ಟಕ್ಕಷ್ಟೆ. ಧನಶ್ರೀ ಪಕ್ಕದ ಮನೆ ಗೋಮತಿಯ ಸಹವಾಸದಿಂದ ಚೆನ್ನಾಗಿ ಕಲಿತುಬಿಟ್ಟಿದ್ದಾಳೆ. ಇಬ್ಬರೂ ಗಾಡಿ ಮುಂದೆ ನಿಂತು ಏನೋ ಮಾತಾಡಿದರು. ಅವನು ನನ್ನ ಕಡೆ ನೋಡಿ ನಕ್ಕ. ಇವಳೂ ನಕ್ಕಳು.

"ಏನಂದ?"

"ಏನಿಲ್ಲ ರೀ."

ಏನಿಲ್ಲದ್ದಕ್ಕೆ ಯಾರಾದರೂ ಅಷ್ಟು ನಗುತ್ತಾರೆಯೇ?

ಜುಲೈ 30, ಭಾನುವಾರ

ಗಾಡಿ ಪೂರ್ತಿ ಬಿಚ್ಚಾಯಿತು. ಜಗಲಿ ತುಂಬ ಗೋಣಿಚೀಲ ಹಾಸಿ ಸಾಮಾನು ಹರಡಿದ್ದೇವೆ. ನಮ್ಮ ಕಂಪನಿಯ ಸೂರಜ್ ಹೇಳಿದ್ದ, ಹಳೇ ಗಾಡಿ ಮೆಕ್ಯಾನಿಕ್‌ಗಳು ಒರಿಜಿನಲ್ ಸಾಮಾನು ಎತ್ತಿಕೊಂಡು ಡೂಪ್ಲಿಕೇಟ್ ಹಾಕಿಬಿಡುತ್ತಾರೆ ಅಂತ. ಅದಕ್ಕೇ ಮಯಿಲ್‌ಸಾಮಿ ಟೀ ಕುಡಿಯಲು ಹೋದಾಗ ಒಂದೊಂದು ಸಾಮಾನಿನ ಒಳಮಗ್ಗುಲಲ್ಲೂ ಮೊಳೆಯಿಂದ 'ಸು' ಅಂತ ಗೀಚಿದೆ. ಸುಮುಖನ ಸು. ಈಗ ಬದಲಾಯಿಸಲಿ ನೋಡೋಣ.

ಧನಶ್ರೀ ನೋಡಿದಳು. "ನನ್ನ ಮೇಲೂ ಒಂದು ಗೀಚಿಬಿಡಿ, ಯಾರಾದ್ರೂ ಬದಲಾಯಿಸ್ಬಿಟ್ಟಾರು" ಅಂದಳು. ತಮಾಷೆಗೇ ಹೇಳಿದ್ದು. ಆದರೂ ಆ ದನಿ ನನಗೆ ಸರಿ ಬರಲಿಲ್ಲ.

ಆಗಸ್ಟ್ 13, ಭಾನುವಾರ

ಮಯಿಲ್‌ಸಾಮಿ ಬರಲಿಲ್ಲ, ಯಾರದೋ ಮದುವೆಯಂತೆ. ನಿಜವೋ ಸುಳ್ಳೋ. ನಾನೊಬ್ಬನೇ ಸೀಮೆಎಣ್ಣೆಯಲ್ಲಿ ಸಾಮಾನು ತೊಳೆಯುತ್ತಿದ್ದೆ. ಧನಶ್ರೀ ಸೆರಗು ಸಿಕ್ಕಿಸಿ ಬಂದು ಎಮರಿ ಪೇಪರ್ ತೆಗೆದುಕೊಂಡು ಹೆಡ್‌ಲೈಟ್ ಉಜ್ಜುತ್ತ ಕೂತಳು. ಇದ್ದಕ್ಕಿದ್ದ ಹಾಗೆ ಯಾಕೆ ಇಷ್ಟು ಆಸಕ್ತಿ ಅಂತ ಕೇಳಿದೆ. "ನೀವು ಇಲ್ಲಿದ್ದೀರಲ್ಲ, ಅದಕ್ಕೆ" ಅಂದಳು.

ಕಾಲೇಜಿನಲ್ಲಿದ್ದಾಗ ಅಣ್ಣನ ಲೂನಾ ಕದ್ದು ಓಡಿಸಿ ಹಾಸನದ ಸಂತೆಪೇಟೆಯಲ್ಲಿ ಟೊಮ್ಯಾಟೊ ಗಾಡಿಗೆ ಗುದ್ದಿದ್ದಳಂತೆ. ಮದುವೆಯಾಗಿ ಇಷ್ಟು ವರ್ಷವಾಯಿತು, ಇದನ್ನು ಹೇಳಿಯೇ ಇರಲಿಲ್ಲ. ಯಾಕೆ ಮುಚ್ಚಿಟ್ಟೆ ಅಂದೆ. "ಮುಚ್ಚಿಡಲಿಲ್ಲ ರೀ, ನೀವು ಕೇಳಲಿಲ್ಲ" ಅಂದಳು. ಇನ್ನೂ ಏನೇನೋ ಹೇಳಿದಳು. ಊಟದ ಹೊತ್ತು ಮೀರಿಹೋಗಿತ್ತು, ಟಿವಿ ಹಾಕುವುದೂ ಮರೆತಿತ್ತು. ಕರೆಂಟ್ ಹೋಗಿರಬೇಕು ಅಂದುಕೊಂಡೆ. ಹೋಗಿರಲಿಲ್ಲ.

ಸೆಪ್ಟೆಂಬರ್ 3, ಭಾನುವಾರ

ಟ್ಯಾಂಕಿಗೆ ಕಡುಗೆಂಪು ಬಣ್ಣ ಬಂತು. ಬಣ್ಣ ಆರಿಸಿದ್ದು ಧನು. ನಾನು ಕಪ್ಪು ಅಂದಿದ್ದೆ, ಅವಳು ಬಿಡಲಿಲ್ಲ.

ಸೂರಜ್ ಬಂದಿದ್ದ. ಕೋಯಮತ್ತೂರಿನಲ್ಲಿ ಹಳೇ ಗಾಡಿಯವರದೊಂದು ಗುಂಪಿದೆಯಂತೆ, ಭಾನುವಾರ ಭಾನುವಾರ ಹೊರಡುತ್ತಾರೆ. ಒಂದೇ ನಿಯಮ, ಹೆಂಡಿರನ್ನು ಕರೆತರುವಂತಿಲ್ಲ. ಅವನು ಹೋದ ಮೇಲೆ ಊಟಕ್ಕೆ ಕೂತು, ಆಯುಧಪೂಜೆಗೆ ಗಾಡಿ ಸ್ಟಾರ್ಟ್ ಮಾಡಿ ನಾನೊಬ್ಬನೇ ಮೈಸೂರಿಗೆ ಹೋಗಿಬರುತ್ತೇನೆ, ಆಮೇಲೆ ಭಾನುವಾರಗಳು ಈ ಗುಂಪಿನ ಜೊತೆಗೇ ಅಂದೆ.

"ಒಬ್ಬರೇನಾ?" ಅಂದಳು.

"ಮತ್ತೆ? ಇಂಥ ಗಾಡೀನ ಒಬ್ಬನೇ ಓಡಿಸ್ಬೇಕು. ಅದರ ಮಜವೇ ಬೇರೆ."

ಎರಡನೇ ಸಲ ಅನ್ನ ಬಡಿಸುವುದನ್ನು ಮರೆತಳು. ನಾನೇ ಹಾಕಿಕೊಂಡೆ.

ಸೆಪ್ಟೆಂಬರ್ 24, ಭಾನುವಾರ

ಕೋಯಮತ್ತೂರಿನಿಂದ ಕ್ರೋಮ್ ಪ್ಲೇಟಿಂಗ್ ಮಾಡಿಸಿದ ಕಿಕ್ಕರ್ ಬಂತು. ಜೋಡಿಸಲು ಇನ್ನು ಬೇರೇನೂ ಉಳಿದಿಲ್ಲ. ಜಾವಾದಲ್ಲಿ ಕಿಕ್ಕರೂ ಅದೇ, ಗೇರೂ ಅದೇ. ಒಂದೇ ಕಬ್ಬಿಣದ ತುಂಡು, ಮೇಲೆತ್ತಿ ತುಳಿದರೆ ಗಾಡಿ ಏಳುತ್ತದೆ, ಕೆಳಗಿಳಿಸಿದರೆ ಗೇರ್ ಬೀಳುತ್ತದೆ. ಅದೊಂದು ಹಾಕಿಬಿಟ್ಟರೆ ಮುಗಿಯಿತು. ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಿದೆ. ಒಳಮಗ್ಗುಲಿನ 'ಸು' ಪ್ಲೇಟಿಂಗ್ ಕೆಳಗೂ ಕಾಣುತ್ತಿದೆ. ಜಗಲಿಯ ಮೊಳೆಗೆ ತೂಗುಹಾಕಿದ್ದೇನೆ. "ಇದಿಲ್ಲದೆ ಓಡಲ್ವಾ ರೀ?" ಅಂತ ಕೇಳಿದಳು ಧನು. "ಒಂದು ಹೆಜ್ಜೆಯೂ ಓಡಲ್ಲ" ಅಂದೆ. ಗಾಡಿಯ ವಿಷಯ ಎಷ್ಟು ಚೆನ್ನಾಗಿ ಕಲಿಯುತ್ತಿದ್ದಾಳೆ!

ಸೆಪ್ಟೆಂಬರ್ 26, ಮಂಗಳವಾರ

ಕಿಕ್ಕರ್ ಇಲ್ಲ.

ಮೊಳೆ ಇದೆ, ಕಿಕ್ಕರ್ ಇಲ್ಲ. ಜಗಲಿಯೆಲ್ಲ ಜಾಲಾಡಿದೆ. ಧನುವೂ ಹುಡುಕಿದಳು, ಪಾಪ, ಮಂಚದ ಕೆಳಗೆಲ್ಲ ಬಗ್ಗಿ.

ಯಾರಿರಬಹುದು? ಹಾಲಿನವನು ದಿನಾ ಜಗಲಿವರೆಗೆ ಬರುತ್ತಾನೆ. ಗೋಮತಿ ಒಣಗಿದ ಬಟ್ಟೆ ತೆಗೆಯುವ ನೆಪದಲ್ಲಿ ಈ ಕಡೆ ಇಣುಕುತ್ತಾಳೆ. ಸೂರಜ್‌ಗೆ ನನ್ನ ಗಾಡಿ ಮೇಲೆ ಕಣ್ಣು. ಆದರೆ ಕಿಕ್ಕರಿನ ಬೆಲೆ ಗೊತ್ತಿರುವವನು ಒಬ್ಬನೇ. ನಿನ್ನೆ ಮಯಿಲ್‌ಸಾಮಿ ನಾನಿಲ್ಲದಾಗ ಬಂದು ಹೋಗಿದ್ದಾನೆ, ಚೈನ್ ನೋಡಲು ಅಂತ.

ಸೆಪ್ಟೆಂಬರ್ 28, ಗುರುವಾರ

ತಲೆ ಕೆಟ್ಟಿದೆ, ಮುದ್ದೆ ಮಾಡು ಅಂದೆ. ರಾಗಿ ಹಿಟ್ಟಿಗೆ ಹುಳ ಬಿದ್ದಿದೆ ಅಂದಳು. ಅಮ್ಮ ಮೈಸೂರಿನಿಂದ ಕಳಿಸಿದ ಹಿಟ್ಟು, ಇಷ್ಟು ಬೇಗ ಹುಳವೇ? ಮಿಲ್ಲಿನವನು ಹಳೇ ರಾಗಿ ಬೆರೆಸಿರಬೇಕು. ಈ ಕಾಲದಲ್ಲಿ ಯಾರನ್ನು ನಂಬುವುದು?

ಅಕ್ಟೋಬರ್ 1, ಭಾನುವಾರ, ಆಯುಧಪೂಜೆ

ಕಿಕ್ಕರ್ ಇಲ್ಲದ ಗಾಡಿಗೆ ಹೂ ಹಾಕಿದೆ. ಬೂದುಗುಂಬಳ ಒಡೆಯುವಾಗ ಮಯಿಲ್‌ಸಾಮಿಯನ್ನೇ ನೋಡುತ್ತಿದ್ದೆ. ಹೆಗಲ ಮೇಲಿನ ಟವೆಲ್ ತೆಗೆದು ಕೊಡವಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಧನು ಅವನಿಗೆ ಎರಡು ಸಲ ಪಾಯಸ ಬಡಿಸಿದಳು. ಅವನ ಮುಖ ನೋಡದೆ ಬಡಿಸಿದಳು. ಇವಳಿಗೂ ಅನುಮಾನ ಬಂದಿರಬೇಕು.

ಅಕ್ಟೋಬರ್ 8, ಭಾನುವಾರ

ಇವತ್ತು ನಡೆದದ್ದು ಹೀಗೆ. ಮಯಿಲ್‌ಸಾಮಿ ಹೇಳಿಕಳಿಸಿದ. ಹೋದೆ. ಪೇಪರಿನಲ್ಲಿ ಸುತ್ತಿದ್ದ ಕಿಕ್ಕರ್ ಒಂದನ್ನು ಕೈಗಿಟ್ಟ. ಕೋಯಮತ್ತೂರಿನ ಉಕ್ಕಡಂ ಗುಜರಿಯಲ್ಲಿ ಹುಡುಕಿ ತಂದನಂತೆ. ಜಾವಾದ್ದೇ, ತುಕ್ಕು ಹಿಡಿದಿದೆ. ನಾನು ತಿರುಗಿಸಿ ನೋಡಿದೆ, 'ಸು' ಇಲ್ಲ. ಆದರೆ ಸು ಇರಬೇಕಾದ ಜಾಗದಲ್ಲಿ ಅರ ಹಾಕಿ ಉಜ್ಜಿದ ಗುರುತಿದೆ! ಉಪ್ಪುನೀರಿನಲ್ಲಿ ಅದ್ದಿಟ್ಟರೆ ಎಂಥ ಕ್ರೋಮೂ ತುಕ್ಕು ಹಿಡಿಯುತ್ತದೆ.

"ಇದು ನಂದೇ. ನೀನೇ ಎತ್ತಿದ್ದು" ಅಂದೆ. ನನಗೆ ಬರುವ ತಮಿಳಿನಲ್ಲಿ, ಜೋರಾಗಿ.

ಟೀ ಅಂಗಡಿಯಲ್ಲಿದ್ದವರೆಲ್ಲ ಲೋಟ ಕೆಳಗಿಟ್ಟು ತಿರುಗಿದರು. ಅವನು ಕೂಗಾಡಲಿಲ್ಲ. ಬೀಡಿ ಆರಿಸಿದ. "ಸರೀಂಗ ಸಾರ್. ವಾಂಗ, ಆನೈಮಲೈಗೆ ಹೋಗೋಣ. ಮಾಸಾಣಿಯಮ್ಮನ್ ಮುಂದೆ ಇಬ್ಬರೂ ಮೆಣಸಿನಕಾಯಿ ಅರೆಯೋಣ. ಎತ್ತಿದವನನ್ನ ಅವಳೇ ನೋಡಿಕೊಳ್ಳಲಿ" ಅಂದ. ಸುತ್ತ ನಿಂತವರಲ್ಲಿ ಒಬ್ಬಿಬ್ಬರು ಕೆನ್ನೆ ಬಡಿದುಕೊಂಡರು.

ಜೊತೆಗೆ ಬಂದಿದ್ದ ಸೂರಜ್ ಹೇಳಿದ, ಇಲ್ಲಿಯವರು ಪೊಲೀಸ್ ಸ್ಟೇಷನ್‌ಗಿಂತ ಆ ದೇವಿಯ ಗುಡಿಗೇ ಹೆದರುತ್ತಾರಂತೆ. ಕಳವಾದರೆ, ಮೋಸವಾದರೆ ಅಲ್ಲಿ ಹೋಗಿ ಮೆಣಸಿನಕಾಯಿ ಅರೆದು ನೀತಿಕಲ್ಲಿಗೆ ಬಳಿಯುತ್ತಾರೆ. ತಪ್ಪು ಮಾಡಿದವರ ಮೈ ಉರಿಯುತ್ತದಂತೆ. ನ್ಯಾಯ ಸಿಕ್ಕ ಮೇಲೆ ಅರೆದವರೇ ಹೋಗಿ ಎಣ್ಣೆ ಸುರಿದು ತಂಪು ಮಾಡಬೇಕಂತೆ. ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ. ಆದರೆ ಅವನಿಗಿದೆಯಲ್ಲ, ಹೆದರಿ ಬಾಯಿ ಬಿಡಲಿ. ಆಗಲಿ ಅಂದೆ.

ಅಕ್ಟೋಬರ್ 10, ಮಂಗಳವಾರ

ರಜೆ ಹಾಕಿ ಹೋದೆ. ಮಯಿಲ್‌ಸಾಮಿ ಮಿಂದು ಬಿಳಿ ವೇಷ್ಟಿ ಉಟ್ಟು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದ. ಪೊಳ್ಳಾಚಿವರೆಗೆ ಇಬ್ಬರೂ ಒಂದೇ ಸೀಟಿನಲ್ಲಿ ಕೂತಿದ್ದೆವು. ದಾರಿಯುದ್ದಕ್ಕೂ ತೆಂಗಿನ ತೋಟ. ಈಗ ಒಪ್ಪಿಕೊಳ್ಳುತ್ತಾನೆ, ಈಗ ಒಪ್ಪಿಕೊಳ್ಳುತ್ತಾನೆ ಅಂತ ಕಾದೆ. ನಿದ್ದೆ ಹೋದ.

ಅಕ್ಕಪಕ್ಕದ ಅರೆಯುವ ಕಲ್ಲುಗಳಲ್ಲಿ ಇಬ್ಬರೂ ಕೂತು ಅರೆದೆವು. ಅಬ್ಬಬ್ಬಾ, ಆ ಘಾಟು! ಕಣ್ಣು, ಮೂಗು ಎಲ್ಲ ಸುರಿಯಿತು. ಅವನು ನಿಧಾನವಾಗಿ ಅರೆದ. ನನಗೆ ಸಿಟ್ಟು ಬಂದಿತ್ತು, ಒಂದೇ ಸಮನೆ ಅರೆದೆ. ಕಲ್ಲಿಗೆ ಬಳಿಯುವಾಗ, ಹೆಸರು ಹೇಳುವುದು ಬೇಡ ಅಂತ, "ಆ ಕಿಕ್ಕರ್ ಎತ್ತಿದ ಕೈ ಉರಿದುಹೋಗಲಿ" ಅಂತ ಕನ್ನಡದಲ್ಲೇ ಹೇಳಿದೆ.

ಮನೆಗೆ ಬಂದು ಧನುಗೆ ಎಲ್ಲ ಹೇಳಿದೆ. ಕೋಯಮತ್ತೂರಿಗೆ ಹೋಗುತ್ತೇನೆ ಅಂತ ಸುಳ್ಳು ಹೇಳಿ ಹೋಗಿದ್ದೆ, ಬೇಡ ಅಂದಾಳು ಅಂತ. ಏನಂತ ಕೇಳಿಕೊಂಡಿರಿ ಅಂತ ಕೇಳಿದಳು. ಹೇಳಿದೆ. ಕೈಯಲ್ಲಿದ್ದ ಸೌಟು ಬಿತ್ತು. "ಮಯಿಲ್‌ಸಾಮಿ ಅಂಥವರಲ್ಲ ರೀ, ಪಾಪ" ಅಂದಳು. ಆಮೇಲೆ ತನ್ನ ಕೈಗಳನ್ನೇ ನೋಡಿಕೊಳ್ಳುತ್ತ ನಿಂತಳು. ಸಾರು ಸಿಡಿದಿರಬೇಕು.

ಅಕ್ಟೋಬರ್ 14, ಶನಿವಾರ

ಧನುಗೆ ಜ್ವರ. ಬೀದಿಯಲ್ಲಿ ಮನೆಮನೆಗೂ ಇದೆ, ಚಿಕುನ್‌ಗುನ್ಯಾ. ಡಾಕ್ಟರೂ ಅದೇ ಅಂದರು. ಕೈಬೆರಳ ಗಂಟುಗಳು ಊದಿಕೊಂಡಿವೆ, ಮಡಿಸಲಾಗುತ್ತಿಲ್ಲ. "ಉರೀತಿದೆ ರೀ, ಉರೀತಿದೆ" ಅಂತ ಅಳುತ್ತಾಳೆ. ಗಟ್ಟಿ ಹೆಣ್ಣು ಅವಳು, ಹೀಗೆ ಅತ್ತವಳಲ್ಲ. ಗೋಮತಿ ಬೇವಿನ ಸೊಪ್ಪು ತಂದು ತಲೆದೆಸೆಗಿಟ್ಟಳು. ಯಾಕೆ ಇಷ್ಟು ಉಪಚಾರ ಅಂತ ಒಂದು ಕ್ಷಣ ಅನ್ನಿಸಿತು, ಆಮೇಲೆ ನನಗೇ ನಾಚಿಕೆಯಾಯಿತು.

ಗಾಡಿ ಕಡೆ ನೋಡಿಲ್ಲ.

ಅಕ್ಟೋಬರ್ 17, ಮಂಗಳವಾರ

ಏನೂ ಸೇರುತ್ತಿಲ್ಲ ಅವಳಿಗೆ. ರಾಗಿ ಗಂಜಿ ಮಾಡುತ್ತೇನೆ ಅಂದೆ. ಎದ್ದು ಕೂತು ಬೇಡ ಬೇಡ ಅಂದಳು. ಹುಳ ಬಿದ್ದಿದ್ದರೆ ಜರಡಿ ಹಿಡಿದರಾಯಿತು ಅಂತ ಡಬ್ಬಿ ತೆರೆದು ಕೈ ಹಾಕಿದೆ.

ಹುಳ ಇಲ್ಲ. ಹಿಟ್ಟಿನೊಳಗೆ ಪ್ಲಾಸ್ಟಿಕ್ ಕವರು. ಕವರಿನೊಳಗೆ ಕಿಕ್ಕರ್. ತಿರುಗಿಸಿ ನೋಡಿದೆ, ಸು.

ಒಲೆ ಆರಿಸಿ ನೆಲದ ಮೇಲೆ ಕೂತುಬಿಟ್ಟೆ. ಎತ್ತಿದ ಕೈ ಉರಿದುಹೋಗಲಿ ಅಂದವನು ನಾನು. ಸೊಳ್ಳೆಯಿಂದ ಬರುವ ಕಾಯಿಲೆ ಅಂತ ನನಗೆ ಗೊತ್ತು. ಆದರೂ, ದೇವರೇ, ಎಂಥ ಕೆಲಸ ಮಾಡಿಬಿಟ್ಟೆ.

ಗಂಜಿ ಮಾಡಿದೆ. ಬಟ್ಟಲು ಹಿಡಿಯಲು ಅವಳಿಗಾಗಲಿಲ್ಲ, ನಾನೇ ಕುಡಿಸಿದೆ. ರಾಗಿಯ ವಾಸನೆ ಬಂದದ್ದೇ ಅವಳಿಗೆ ಗೊತ್ತಾಯಿತು. ಕಣ್ಣಲ್ಲಿ ನೀರು ಸುರಿಸುತ್ತ ಕುಡಿದಳು.

"ಯಾಕೆ ಧನು?"

"ಸ್ಟಾರ್ಟ್ ಆದ ದಿನಾನೇ ಒಬ್ಬರೇ ಹೊರಟುಬಿಡ್ತೀನಿ ಅಂದ್ರಲ್ಲ. ಈ ಊರಿಗೆ ಬಂದಾಗಿನಿಂದ ನೀವು ನನ್ನ ಜೊತೆ ಕೂತು ಮಾತಾಡಿದ್ದು ಈ ಗಾಡಿ ಬಿಚ್ಚಿದ ಮೇಲೇನೇ. ಅದು ಮುಗಿದುಹೋದ್ರೆ ಮತ್ತೆ ನಾನು, ಟಿವಿ. ಇನ್ನೊಂದು ಸ್ವಲ್ಪ ದಿನ ಬಿಚ್ಚಿದ ಹಾಗೇ ಇರಲಿ ಅಂತ ಇಟ್ಟೆ. ಆಯುಧಪೂಜೆ ಮುಗಿದ ಮೇಲೆ ಕೊಡೋಣ ಅಂತಿದ್ದೆ. ಅಷ್ಟರಲ್ಲಿ ನೀವು ಮಯಿಲ್‌ಸಾಮಿ ಮೇಲೆ ಹೋದ್ರಿ. ಆಮೇಲೆ ಹೇಳೋಕೆ ಧೈರ್ಯ ಬರಲಿಲ್ಲ ರೀ."

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಇಷ್ಟೆಲ್ಲ ಅನುಮಾನಪಟ್ಟೆನಲ್ಲ, ನಾನು ಮನೆಯಲ್ಲಿರಲಿ ಅಂತ ಯಾರಾದರೂ ಕಳ್ಳತನ ಮಾಡಿಯಾರು ಅನ್ನುವ ಅನುಮಾನ ಮಾತ್ರ ಬಂದಿರಲಿಲ್ಲ.

ಅಕ್ಟೋಬರ್ 19, ಗುರುವಾರ

ಮಯಿಲ್‌ಸಾಮಿಯವರ ಅಂಗಡಿಗೆ ಹೋದೆ. ಒಳಗೆ ಕರೆದು ಮೆಲ್ಲಗೆ ಹೇಳೋಣ ಅಂತಿದ್ದೆ. ಅವರು ಸ್ಪ್ಯಾನರ್ ಕೆಳಗಿಡದೆ, "ಅಲ್ಲಿ ಬೀದಿಯಲ್ಲಿ ಹೇಳಿದ್ದು ಸಾರ್. ಅಲ್ಲೇ ವಾಪಸ್ ತಗೊಳ್ಳಿ" ಅಂದರು.

ಟೀ ಅಂಗಡಿ ತುಂಬಿತ್ತು, ದೀಪಾವಳಿ ಹತ್ತಿರದ ಜನ. ಬೀದಿಯಲ್ಲಿ ನಿಂತು, ಹೊರಡುವಾಗ ಧನು ಹೇಳಿಕೊಟ್ಟ ತಮಿಳಿನಲ್ಲಿ ಗಟ್ಟಿಯಾಗಿ ಹೇಳಿದೆ. ಇವರು ಎತ್ತಿರಲಿಲ್ಲ, ಕಿಕ್ಕರ್ ನಮ್ಮ ಮನೆಯಲ್ಲೇ ಸಿಕ್ಕಿತು ಅಂತ. "ಯಾರು ಇಟ್ಟಿದ್ದು?" ಅಂತ ಒಬ್ಬ ಕೇಳಿದ. ಇದಕ್ಕೆ ಅವಳು ಉತ್ತರ ಹೇಳಿಕೊಟ್ಟಿರಲಿಲ್ಲ. "ನಾನೇ. ಇಟ್ಟು ಮರೆತಿದ್ದೆ" ಅಂದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿ.

ಮಯಿಲ್‌ಸಾಮಿಯವರು ನಗಲಿಲ್ಲ. "ಅಮ್ಮಾವ್ರ ಕೈ ನೋವು ಹೇಗಿದೆ?" ಅಂತ ಕೇಳಿದರು. ಜ್ವರ ಅನ್ನಲಿಲ್ಲ, ಕೈ ಅಂದರು. ಆಮೇಲೆ ಮನೆಗೆ ಬಂದು ಕಿಕ್ಕರ್ ಹಾಕಿದರು. ನಾನು ತುಳಿದೆ. ಒಂದು ಸಲ ಕೆಮ್ಮಿತು, ಮತ್ತೊಂದು ಸಲ, ಆಮೇಲೆ ಎದ್ದುಬಿಟ್ಟಿತು. ಜಗಲಿ ತುಂಬ ಹೊಗೆ. ಧನು ಕಂಬಳಿ ಹೊದ್ದು ಬಾಗಿಲಿಗೆ ಬಂದು ನಿಂತಳು.

"ಅರೆದವರೇ ತಂಪು ಮಾಡಬೇಕು. ನನ್ನ ಪಾಲಿನದು ನಾನು ಹೋಗಿ ಸುರಿದು ಬರ್ತೀನಿ, ನಿಮ್ಮದು ನೀವು" ಅಂದರು ಹೊರಡುವಾಗ. "ಇನ್ಮೇಲೆ ರಿಪೇರಿಗೆ ಬೇರೆ ಅಂಗಡಿ ನೋಡಿಕೊಳ್ಳಿ ಸಾರ್." ಅದನ್ನೂ ಹೇಳಿಯೇ ಹೋದರು. ನ್ಯಾಯವೇ.

ನವೆಂಬರ್ 19, ಭಾನುವಾರ

ಧನುಗೆ ಈಗ ಬೆರಳು ಮಡಿಸಲು ಬರುತ್ತದೆ. ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಆನೈಮಲೈಗೆ ಹೋದೆ. ಎಣ್ಣೆ ಡಬ್ಬಿ ಅವಳ ಮಡಿಲಲ್ಲಿ. ಪೊಳ್ಳಾಚಿ ದಾಟುವವರೆಗೂ ಬಾಯಿ ನಿಲ್ಲಿಸಲಿಲ್ಲ, ಗಾಳಿಗೆ ಅರ್ಧ ಕೇಳಿಸಲಿಲ್ಲ. ಕೇಳಿಸದ್ದನ್ನೆಲ್ಲ ಮತ್ತೆ ಹೇಳಿಸಿದೆ.

ನೀತಿಕಲ್ಲಿನ ಮೇಲೆ ಬೇರೆ ಯಾರದೋ ಮೆಣಸಿನಕಾಯಿ ಹಸಿಯಾಗಿತ್ತು. ನಾನು ಎಣ್ಣೆ ಸುರಿದೆ. "ಕಳ್ಳ ಸಿಕ್ಕನಾ?" ಅಂತ ಪೂಜಾರಿ ಕೇಳಿದರು. ಸಿಕ್ಕ ಅಂದೆ. ಧನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಬರುವಾಗ ಕರುಮತ್ತಂಪಟ್ಟಿಯಲ್ಲಿ ನಿಲ್ಲಿಸಿ ಸುಬ್ಬಾತಾಳ್ ಅವರಿಗೆ ಗಾಡಿ ತೋರಿಸಿದೆವು. ಟ್ಯಾಂಕ್ ಸವರಿ, "ಇದ್ರಾಗೆ ನಾವಿಬ್ರೂ ಎಲ್ಲೆಲ್ಲೋ ಸುತ್ತಿದ್ವಿ ಕಣಮ್ಮ" ಅಂದರು ಧನುಗೆ. ಕಾಫಿ ಕೊಟ್ಟರು. ಚೆನ್ನಾಗಿತ್ತು.

ನವೆಂಬರ್ 26, ಭಾನುವಾರ

ಬೆಳಿಗ್ಗೆ ಸೂರಜ್ ಫೋನ್ ಮಾಡಿದ. ಗುಂಪು ವಾಲ್ಪಾರೈಗೆ ಹೊರಟಿದೆಯಂತೆ, ಬೇಗ ಬಾ ಅಂದ.

"ಆಗಲ್ಲ ಕಣಯ್ಯ, ಕಿಕ್ಕರ್ ಕಾಣ್ತಿಲ್ಲ."

"ಮತ್ತೆ ಹೋಯ್ತಾ! ಯಾರ ಮೇಲೆ ಅನುಮಾನ?"

"ಯಾರ ಮೇಲೂ ಇಲ್ಲ" ಅಂತ ಫೋನ್ ಇಟ್ಟೆ.

ಮಧ್ಯಾಹ್ನ ಅಡುಗೆಮನೆಯಲ್ಲಿ ಡಬ್ಬಿ ಮುಚ್ಚಳ ತೆರೆದ ಸದ್ದು. ಧನು ಮೊಣಕೈವರೆಗೆ ರಾಗಿ ಹಿಟ್ಟು ಮೆತ್ತಿಕೊಂಡು, ಕಿಕ್ಕರ್ ಹಿಡಿದು ಬಾಗಿಲಿಗೆ ಬಂದಳು.

"ರೀ, ಇದನ್ನ ಇಲ್ಲಿ ಯಾರು ಇಟ್ಟಿದ್ದು?"

"ನನ್ನ ಕೇಳಿದ್ರೆ? ಮೆಣಸಿನಕಾಯಿ ಅರೆದು ನೋಡು" ಅಂದೆ.